ಮುಂದೂಡಿದ ವಾರ್ಡ್ ಸಭೆ

ಶಾಂತಕುಮಾರಿ ಅಂಗಿ ಮಡಿಸುವುದನ್ನು ನಿಲ್ಲಿಸಲಿಲ್ಲ.

ಇಸ್ತ್ರಿಯವನು ಬೆಳಿಗ್ಗೆ ತಂದುಕೊಟ್ಟ ಗಂಟು ಸೋಫಾದ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಎಲ್ಲವೂ ಗುರುರಾಜರ ಅಂಗಿಗಳು. ಮಡಿಸಿಕೊಂಡೇ ಬಂದಿದ್ದವು. ಆಕೆ ಒಂದೊಂದನ್ನೂ ಬಿಡಿಸಿ, ಅದೇ ಗೆರೆಯ ಮೇಲೆ ಮತ್ತೆ ಮಡಿಸಿ, ಪಕ್ಕಕ್ಕೆ ಇಡುತ್ತಿದ್ದರು.

ಸಬ್ ಇನ್ಸ್‌ಪೆಕ್ಟರ್ ತೇಜಶ್ರೀ ಟೀಪಾಯಿಯ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟಳು. ಅದರೊಳಗೆ ಪುಟ್ಟ ಬಿಳಿ ಡಬ್ಬಿ. ಡಬ್ಬಿಯಲ್ಲಿ ಕಿವಿ ಕೇಳಿಸದವರು ಹಾಕಿಕೊಳ್ಳುವ ಎರಡು ಯಂತ್ರಗಳು.

"ಇದು ಯಜಮಾನ್ರದ್ದೇ ಅಲ್ವಾಮ್ಮ?"

ಶಾಂತಕುಮಾರಿ ಒಮ್ಮೆ ನೋಡಿ ಹೌದೆಂದರು. ಮತ್ತೆ ಅಂಗಿಯ ಕಡೆ ತಿರುಗಿದರು.

ಶನಿವಾರ ಸಂಜೆ ಹೊನ್ನಪ್ಪನಪಾಳ್ಯದ ಸಮುದಾಯ ಭವನದ ಹಿಂಬಾಗಿಲ ಮೆಟ್ಟಿಲುಗಳ ಕೆಳಗೆ ಅವರ ಗಂಡನ ಹೆಣ ಸಿಕ್ಕಿದಾಗ ಈ ಡಬ್ಬಿ ಜೇಬಿನಲ್ಲಿತ್ತು. ಮುಚ್ಚಳ ಭದ್ರವಾಗಿತ್ತು. ಮೆಟ್ಟಿಲಿನಿಂದ ಉರುಳಿದವನ ಕಿವಿಯಿಂದ ಯಂತ್ರ ಕಳಚಿ ಬೀಳಬಹುದು. ಡಬ್ಬಿಯೊಳಗೆ ಹೋಗಿ ಕೂರುವುದಿಲ್ಲ. ಬೀಳುವ ಮೊದಲೇ ಗುರುರಾಜ್ ಅದನ್ನು ಕೈಯಾರೆ ತೆಗೆದಿಟ್ಟಿದ್ದರು.

ಕಾಲು ಜಾರಿದ್ದು ಎಂದು ಹೇಳುವ ಹಾಗೂ ಇರಲಿಲ್ಲ. ಬೆನ್ನು ಕೆಳಗಾಗಿ ಬಿದ್ದಿದ್ದರು. ಎರಡೂ ತೋಳುಗಳ ಮೇಲೆ ಬೆರಳಿನ ಗುರುತು ಮೂಡಿತ್ತು. ಎದುರಿಗೆ ನಿಂತಿದ್ದ ಯಾರೋ ಬಿಗಿಯಾಗಿ ಹಿಡಿದಿದ್ದಾರೆ ಎಂದು ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ಹೇಳಿದ್ದರು.

"ಮಿಷನ್ ಯಾವಾಗ ತೆಗೀತಿದ್ರು?"

"ಮಲಗೋವಾಗ. ಸ್ನಾನ ಮಾಡೋವಾಗ."

"ಹೊರಗಡೆ?"

"ಹೊರಗಿನವರ ಮುಂದೆ ತೆಗೀತಾನೇ ಇರ್ಲಿಲ್ಲ. ಕಿವಿ ಕೇಳಿಸಲ್ಲ ಅಂತ ಗೊತ್ತಾಗೋದು ಅವರಿಗೆ ನಾಚಿಕೆ." ಆಕೆ ಕಾಲರಿನ ಮೇಲೆ ಅಂಗೈ ಸವರಿದರು. "ಮನೇಲಿ ತೆಗೀತಿದ್ರು. ಮಾತಿಗೆ ಮಾತು ಬೆಳೀತು ಅಂದ್ರೆ ಎರಡೂ ತೆಗೆದು ಡಬ್ಬೀಲಿ ಹಾಕಿ, ಜೇಬಲ್ಲಿ ಇಟ್ಕೊಂಡ್ಬಿಡೋರು. ಆಮೇಲೆ ನಾವು ಏನು ಕಿರಿಚಿದ್ರೂ ಅಷ್ಟೇ."

"ನಾವು ಅಂದ್ರೆ?"

"ಮನೆಯವರು."

ಇಷ್ಟನ್ನೂ ಆಕೆ ಹೇಳಿದ್ದು ಹಾಲಿನವನು ಬರುವ ಹೊತ್ತು ಹೇಳಿದ ಹಾಗೆ. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ನಿನ್ನೆ ಚಿತಾಗಾರದಲ್ಲಿಯೂ ಹಾಗೆಯೇ ನಿಂತಿದ್ದರಂತೆ. ಕಾಲೋನಿಯ ಹೆಂಗಸರು ಅದನ್ನು ಗಮನಿಸಿ ಮಾತಾಡಿಕೊಂಡಿದ್ದರು.

ತೇಜಶ್ರೀಗೆ ಅದು ವಿಚಿತ್ರವೆನಿಸಲಿಲ್ಲ. ಈ ಬೇಸಿಗೆಯಲ್ಲಿ ಕೃಷ್ಣರಾಜಪುರದ ಮನೆಯಲ್ಲಿ ಅವಳ ಅಪ್ಪ ಚಿಕ್ಕವೆಂಕಟಪ್ಪ ಊಟಕ್ಕೆ ಕೂತಲ್ಲೇ ಹೋಗಿಬಿಟ್ಟಿದ್ದರು. ಅವಳು ತಟ್ಟೆ ತೆಗೆದಳು, ನೆಲ ಒರೆಸಿದಳು, ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಅಳು ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಕೈಕಾಲು ಆಡುತ್ತಿರುತ್ತವೆ, ಊಟ ಸೇರುತ್ತದೆ, ಡ್ಯೂಟಿ ನಡೆಯುತ್ತದೆ. ಒಳಗೆ ಮಾತ್ರ ಕೂತು ಕೂತು ಜೋಮು ಹಿಡಿದ ಕಾಲಿನ ಹಾಗೆ ಏನೂ ತಿಳಿಯುವುದಿಲ್ಲ. ಶಾಂತಕುಮಾರಿಯವರ ಮುಖ ನೋಡಿದಾಗ ಅವಳಿಗೆ ಗುರುತಿನವರನ್ನು ಕಂಡ ಹಾಗಾಗಿತ್ತು. ಅದಕ್ಕೇ ಆಕೆಯ ಮೇಲೆ ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ.

ಅಡುಗೆಮನೆಯಿಂದ ಮಗಳು ರಂಜನಾ ಕಾಫಿ ತಂದಳು. ಕಣ್ಣು ಕೆಂಪಾಗಿದ್ದವು, ಕೂದಲು ಮಾತ್ರ ಅಚ್ಚುಕಟ್ಟಾಗಿ ಬಾಚಿತ್ತು. ಒಂದು ಕೈಯಲ್ಲಿ ಫೋನ್. ಅದು ಸುಮ್ಮನಿರುತ್ತಿರಲಿಲ್ಲ.

ಊರಿಗೆಲ್ಲ ಗುರುರಾಜರ ಹೆಸರು ಗೊತ್ತಿತ್ತು, ಆದರೆ ಓಡಾಡಿದವಳು ರಂಜನಾ. ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಪ್ಪ ಒಂದು ಲೆಕ್ಕ ಹಿಡಿದು ಕೂತಿದ್ದರು. ಬೀದಿದೀಪ ಕೆಟ್ಟರೆ ಅದಕ್ಕೊಂದು ವಾರ್ಡ್ ಕಚೇರಿ, ಅದರ ಮೇಲೊಂದು ಉಪವಿಭಾಗ, ಅದರ ಮೇಲೊಂದು ವಲಯ ಕಚೇರಿ. ಒಂದೇ ಕೆಲಸಕ್ಕೆ ಮೂರು ಮೇಜು. ಮೇಲಿನೆರಡನ್ನು ಕಿತ್ತುಹಾಕಿ ಕಸ, ದೀಪ, ಚರಂಡಿಯನ್ನು ವಾರ್ಡ್ ಸಮಿತಿಯ ಕೈಗೆ ಕೊಟ್ಟರೆ ಮನೆ ಕಂದಾಯ ಕಾಲು ಭಾಗ ಇಳಿಯುತ್ತದೆ ಎಂಬುದು ಅವರ ವಾದ. ಆ ವಾದವನ್ನು ಮಗಳು ಅಪಾರ್ಟ್‌ಮೆಂಟ್ ಅಪಾರ್ಟ್‌ಮೆಂಟಿಗೂ ಹೊತ್ತಳು. ಹಳೇ ಊರಿನ ಸಂದಿಗಳಲ್ಲೂ ಬಾಗಿಲು ತಟ್ಟಿದಳು. ಪಾಲಿಕೆಯವರನ್ನು ಕಾಡಿ ಬೇಡಿ, ಪ್ರಯೋಗಕ್ಕೆಂದು ಈ ಒಂದು ವಾರ್ಡಿಗೆ ಒಪ್ಪಿಸಿದ್ದೂ ಅವಳೇ. ಭಾನುವಾರದ ಸಭೆಯಲ್ಲಿ ವಾರ್ಡಿನ ಜನ ಕೈಯೆತ್ತಿದ್ದರೆ ಕೆಲಸ ಮುಗಿಯುತ್ತಿತ್ತು.

ಸಾವಿನಿಂದಾಗಿ ಸಭೆ ಒಂದು ದಿನ ಮುಂದಕ್ಕೆ ಹೋಗಿತ್ತು, ಅಷ್ಟೇ. ಇವತ್ತು ಸಂಜೆ ನಡೆಯುವುದಿತ್ತು. ಕಾರ್ಯವಾದರೂ ಮುಗಿಯಲಿ ಎಂದು ನೆಂಟರು ಹೇಳಿದ್ದನ್ನು ರಂಜನಾ ಕೇಳಿರಲಿಲ್ಲ. ಅಪ್ಪನಿಗೆ ನಾನು ಮಾಡುವ ಕಾರ್ಯ ಇದೇ ಎಂದಿದ್ದಳು.

"ಶನಿವಾರ ಸಂಜೆ ನಾನು, ಅಮ್ಮ ಇಬ್ರೂ ಮನೇಲೇ ಇದ್ವಿ," ಎಂದಳು ಈಗ, ತೇಜಶ್ರೀ ಕೇಳುವ ಮೊದಲೇ. "ನಿನ್ನೆನೇ ಹೇಳಿದೀನಲ್ಲ ಮೇಡಂ. ಆ ಹುಡುಗನ್ನ ಹಿಡಿದಾಯ್ತಲ್ಲ. ಅಮ್ಮನ್ನ ಮತ್ತೆ ಮತ್ತೆ ಯಾಕೆ ಕೇಳ್ತೀರಿ?"

ಶಾಂತಕುಮಾರಿ ತಲೆಯಾಡಿಸಿದರು. ಮುಂದಿನ ಅಂಗಿ ಬಿಡಿಸಿದರು.

*

ಆ ಹುಡುಗ ಸಿದ್ಧಾರ್ಥ್. ಕಸದ ಆಟೋ ಓಡಿಸುತ್ತಿದ್ದ. ಅವನ ತಾಯಿ ಆದಿಲಕ್ಷ್ಮಿ ಅದೇ ವಾರ್ಡಿನಲ್ಲಿ ಗುತ್ತಿಗೆಯ ಮೇಲೆ ಬೀದಿ ಗುಡಿಸುತ್ತಿದ್ದಳು. ಹಿಂದಿನ ಸಭೆಯಲ್ಲಿ ಅವನು ಎದ್ದು ನಿಂತು, ಕಂದಾಯ ಇಳಿಸೋಕೆ ನಮ್ಮ ಹೊಟ್ಟೆ ಮೇಲೆ ಹೊಡೀತೀರಾ, ಹೇಗೆ ಪಾಸ್ ಮಾಡ್ತೀರೋ ನೋಡ್ತೀನಿ ಎಂದು ಕೂಗಾಡಿದ್ದ. ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅವನ ಆಟೋ ನಿಲ್ಲುತ್ತಿದ್ದುದೂ ಭವನದ ಹಿಂದೆಯೇ. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಗಿತ್ತು.

ತೇಜಶ್ರೀ ಠಾಣೆಗೆ ಬಂದಾಗ ಆದಿಲಕ್ಷ್ಮಿ ಹೊರಗಿನ ಬೆಂಚಿನ ಮೇಲೆ ಹಸಿರು ಕೋಟಿನಲ್ಲೇ ಕೂತಿದ್ದಳು. ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದಳು. ತೇಜಶ್ರೀಯನ್ನು ಕಂಡು ಎದ್ದು ನಿಂತಳು. ಅವಳೂ ತೇಜಶ್ರೀಯೂ ಒಂದೇ ಬುದ್ಧವಿಹಾರಕ್ಕೆ ಹೋಗುವವರು. ಬುದ್ಧಪೂರ್ಣಿಮೆಯ ದಿನ ಪಕ್ಕಪಕ್ಕ ಕೂತು ಪಾಯಸ ಬಡಿಸಿದ್ದರು.

ಪರಿಚಯದವನು ಅಂತ ಮೆತ್ತಗಾಗಬೇಡಿ ಎಂದು ಇನ್ಸ್‌ಪೆಕ್ಟರ್ ನಿನ್ನೆಯೇ ಹೇಳಿದ್ದರು. ಇವತ್ತು ಅವಳು ಕಿವಿಯ ಯಂತ್ರದ ವಿಷಯ ವಿವರಿಸಿದಾಗ ತಾಳ್ಮೆಯಿಂದ ಕೇಳಿದರು. ಸಿದ್ಧಾರ್ಥ್ ಹೊರಗಿನವನು, ಅವನೆದುರು ಗುರುರಾಜ್ ಅದನ್ನು ತೆಗೆಯುತ್ತಿರಲಿಲ್ಲ ಎಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರೆ ನಗುತ್ತಾರೆ ಎಂದರು. ಇವತ್ತು ಸಂಜೆಯೊಳಗೆ ಹುಡುಗನನ್ನು ಹಾಜರುಪಡಿಸಬೇಕು, ಅಲ್ಲಿಯವರೆಗೆ ಬೇರೆ ಏನಾದರೂ ಸಿಕ್ಕರೆ ತನ್ನಿ, ಬೇಡವೆನ್ನುವುದಿಲ್ಲ ಎಂದರು.

ಅವರು ಕೆಟ್ಟವರಲ್ಲ. ಅವರಿಗೆ ಸುಸ್ತಾಗಿತ್ತು.

ತೇಜಶ್ರೀ ಶಿವಾಜಿನಗರಕ್ಕೆ ಹೊರಟಳು.

ಹೆಣವನ್ನು ಮೊದಲು ಕಂಡವನು ಅಲ್ಲಿದ್ದ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅನೀಸ್ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅಂಗಡಿಯೊಳಗೆ ಸೂರಿನವರೆಗೂ ಕಪ್ಪು ಸ್ಪೀಕರ್ ಡಬ್ಬಗಳು. ಇನ್ನೊಬ್ಬರು ನಿಲ್ಲಲು ಜಾಗವಿಲ್ಲದ್ದರಿಂದ ಅವನೇ ಹೊರಗೆ ಬಂದು, ಅವಳಿಗೆ ಸ್ಟೂಲ್ ಹಾಕಿ, ಪಕ್ಕದ ಅಂಗಡಿಗೆ ಸುಲೈಮಾನಿ ಚಹಾ ಹೇಳಿದ.

ಶನಿವಾರ ಮಧ್ಯಾಹ್ನ ಅವನು ಭವನದಲ್ಲಿ ಸೆಟ್ ಹಾಕಿ ಮುಗಿಸಿದಾಗ ಹಿಂದಿನ ಸಾಲುಗಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇನ್ನೊಂದು ಡಬ್ಬ ತರಲೆಂದು ಅಂಗಡಿಗೆ ಬಂದವನು ಮರಳಿ ಹೋಗುವಾಗ ಹಳೇ ಮದ್ರಾಸ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ. ಭವನ ತಲುಪಿದಾಗ ಕತ್ತಲಾಗಿತ್ತು. ಡಬ್ಬ ಇಳಿಸಲು ಹಿಂಬದಿಗೆ ಗಾಡಿ ತಂದಾಗ ಹೆಡ್‌ಲೈಟಿನ ಬೆಳಕಿನಲ್ಲಿ ಕಂಡದ್ದು ಗುರುರಾಜರ ಕಾಲುಗಳು. ಇದೆಲ್ಲ ಅವನ ಹೇಳಿಕೆಯಲ್ಲಿ ಆಗಲೇ ಇತ್ತು.

ಅವಳು ಕೇಳಬಂದದ್ದು ಕಿವಿಯ ವಿಷಯ. ಅನೀಸ್ ಸಂದೇಹವಿಲ್ಲದೆ ಹೇಳಿದ: ತಾನು ಹೊರಡುವಾಗ ಎರಡೂ ಕಿವಿಯಲ್ಲಿ ಮಿಷನ್ ಇತ್ತು. ಗುರುರಾಜ್ ಮೈಕಿನ ಹತ್ತಿರ ಬಂದರೆ ಅದು ಕುಂಯ್ ಎನ್ನುತ್ತಿತ್ತು. ಅದಕ್ಕೇ ಸೌಂಡ್ ಕಡಿಮೆ ಮಾಡು ಎಂದು ಅವರು ಎರಡು ಸಲ ಕೈಸನ್ನೆ ಮಾಡಿದ್ದರು.

"ಮೈಕ್ ಹತ್ರ ಅವರೇನು ಮಾಡ್ತಿದ್ರು?"

ಅನೀಸ್ ಗ್ಲಾಸು ತಿರುಗಿಸಿದ. ಪ್ರಾಕ್ಟೀಸ್ ಮಾಡುತ್ತಿದ್ದರು ಎಂದ. ಮರುದಿನ ಏನು ಮಾತಾಡಬೇಕೋ ಅದನ್ನು ಖಾಲಿ ಕುರ್ಚಿಗಳ ಮುಂದೆ ಹೇಳಿ ನೋಡುತ್ತಿದ್ದರು.

"ಇದು ನಿಮ್ಮ ಹೇಳಿಕೆಯಲ್ಲಿ ಇಲ್ಲ."

"ಬಾಡಿ ಹೆಂಗ್ ಸಿಕ್ತು ಅಂತ ಕೇಳಿದ್ರು, ಅದು ಹೇಳ್ದೆ ಮೇಡಂ. ನಾವು ಎಲ್ಲಾ ಪಾರ್ಟಿಗೂ ಮೈಕ್ ಹಾಕ್ತೀವಿ. ಇವ್ರು ಮಾತಾಡಿದ್ದು ಅವ್ರಿಗೆ ಹೇಳ್ಕೊಂಡು ಹೋದ್ರೆ ನಮ್ಮನ್ನ ಯಾರು ಕರೀತಾರೆ?"

"ಈಗ ಹೇಳಿ. ಒಬ್ಬ ಹುಡುಗ ಒಳಗಡೆ ಕೂತಿದಾನೆ."

ಅವನು ಗಲ್ಲಿಯ ಎರಡೂ ಕಡೆ ನೋಡಿದ. ಆಮೇಲೆ ಪಾಠ ಒಪ್ಪಿಸುವವನ ಹಾಗೆ, ಗುರುರಾಜರ ಭಾಷೆಯಲ್ಲೇ ಹೇಳಿದ.

"ಕಂದಾಯ ಇಳಿಯುತ್ತೆ ಅಂತ ನಾನು ಹೇಳಿದ್ದು ನಿಜ. ಯಾರ ಕೈಯಿಂದ ಕಿತ್ತುಕೊಂಡರೆ ಇಳಿಯುತ್ತೆ ಅಂತ ನಾನು ನೋಡಿರಲಿಲ್ಲ. ನಾಳೆ ನೀವು ಕೈಯೆತ್ತಬೇಡಿ." ಅನೀಸ್ ಗ್ಲಾಸು ಕೆಳಗಿಟ್ಟ. "ಇದನ್ನೇ ನಾಲ್ಕೈದು ಸಲ ಹೇಳಿದ್ರು. ಒಂದ್ಸಲ ಜೋರಾಗಿ, ಒಂದ್ಸಲ ಮೆತ್ತಗೆ. ಯಾವುದು ಚೆನ್ನಾಗಿದೆ ಅಂತ ನನ್ನೇ ಕೇಳಿದ್ರು."

ಅವನಿಗೆ ತಿಳಿದ ಮಟ್ಟಿಗೆ ಉಳಿದದ್ದನ್ನೂ ಹೇಳಿದ. ಮೇಲಿನೆರಡು ಕಚೇರಿಗಳ ನೌಕರರು ಕಾಯಂ ಆದವರು, ಅವರನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ, ಮೇಜು ಇದ್ದಲ್ಲೇ ಇರುತ್ತದೆ. ಹಾಗಾಗಿ ಉಳಿತಾಯ ಪೂರ್ತಿ ಬೀಳುವುದು ಗುತ್ತಿಗೆಯ ಮೇಲೆ ಗುಡಿಸುವವರ, ಕಸ ಎತ್ತುವವರ ತಲೆಯ ಮೇಲೆ. ಅರ್ಧ ಜನ ಮನೆಗೆ ಹೋಗುತ್ತಾರೆ. ಮೊದಲು ಕಚೇರಿ ತೆಗೆಯಲಿ, ಕಂದಾಯ ಆಮೇಲೆ ಇಳಿಯಲಿ. ಗುರುರಾಜ್ ಖಾಲಿ ಕುರ್ಚಿಗಳಿಗೆ ಹೇಳಿದ್ದು ಇದು.

ತೇಜಶ್ರೀ ಚಹಾ ಮುಗಿಸಿದಳು. ಅದು ಆರಿಹೋಗಿತ್ತು.

ಭವನದ ಹಿಂದೆ ಆಟೋ ನಿಲ್ಲಿಸುವ ಸಿದ್ಧಾರ್ಥನಿಗೆ ಮೈಕಿನ ಆ ಮಾತು ಕೇಳಿಸಿದ್ದರೆ ಗುರುರಾಜರನ್ನು ಕೊಲ್ಲಲು ಕಾರಣವೇ ಉಳಿಯುತ್ತಿರಲಿಲ್ಲ. ಯೋಜನೆಯ ವಿರುದ್ಧ ಇದ್ದವರಿಗೆಲ್ಲ ಶನಿವಾರದ ಸಂಜೆ ಆ ಮುದುಕ ಜೀವಂತ ಬೇಕಾಗಿತ್ತು. ಅವರ ಬಾಯಿ ಮುಚ್ಚಬೇಕಾಗಿದ್ದದ್ದು ಯೋಜನೆಯ ಪರ ಇದ್ದವರಿಗೆ. ಅದೂ ಅವರ ಮಾತನ್ನು ಭಾನುವಾರಕ್ಕೆ ಮೊದಲೇ ಕೇಳಿಸಿಕೊಂಡವರಿಗೆ. ಅದೂ ಅವರು ಯಾರ ಮುಂದೆ ನಾಚಿಕೆಯಿಲ್ಲದೆ ಕಿವಿಯಿಂದ ಯಂತ್ರ ತೆಗೆಯುತ್ತಿದ್ದರೋ ಅವರಿಗೆ.

*

ಗುರುರಾಜರ ಅಳಿಯ, ರಂಜನಾಳ ಗಂಡ ಅಭಿನವ್‌ನ ಕಚೇರಿ ಇಂದಿರಾನಗರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಅಪಾರ್ಟ್‌ಮೆಂಟುಗಳಿಗೆ ಕಾವಲಿನವರನ್ನು, ಲಿಫ್ಟಿನವರನ್ನು, ತೋಟದವರನ್ನು ಒದಗಿಸುವ ಕಂಪನಿ ಅವನದು. ಗೋಡೆಯ ಮೇಲೆ ಹೊಸದೊಂದು ಚಿತ್ರ ತೂಗುತ್ತಿತ್ತು: ರಸ್ತೆ ಗುಡಿಸುವ ಹಳದಿ ಯಂತ್ರ, ಚಾಲಕನ ಸೀಟಿನಲ್ಲಿ ಒಬ್ಬನೇ ಮನುಷ್ಯ.

ಕಸದ ಕೆಲಸ ವಾರ್ಡ್ ಸಮಿತಿಗೆ ಬಂದರೆ ಸಮಿತಿ ಅದನ್ನು ಯಾರಿಗೆ ಕೊಡುತ್ತಿತ್ತು ಎಂದು ತೇಜಶ್ರೀ ಕೇಳಬೇಕಾಗಲಿಲ್ಲ.

ಅಭಿನವ್ ಎದ್ದು ನಿಂತು ಕುರ್ಚಿ ತೋರಿಸಿದ. ಗಡ್ಡ ಬೋಳಿಸಿರಲಿಲ್ಲ. ಶನಿವಾರ ಸಂಜೆ ಇಲ್ಲೇ ಇದ್ದೆ ಎಂದು ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳಿದ. ಅವಳು ಅದನ್ನು ಪೂರ್ತಿ ಹೇಳಲು ಬಿಟ್ಟಳು. ಆಮೇಲೆ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟು, ಅವನ ಕಡೆಗೆ ನಿಧಾನವಾಗಿ ಸರಿಸಿದಳು.

"ಹೊರಗಿನವರ ಮುಂದೆ ಇದನ್ನ ತೆಗೀತಿರ್ಲಿಲ್ಲವಂತೆ."

ಅವನು ಕವರನ್ನು ಮುಟ್ಟಲಿಲ್ಲ.

"ಸಿದ್ಧಾರ್ಥ್ ಹೊರಗಿನವನು. ಮೈಕಿನವನು ಹೊರಗಿನವನು. ಅವನ ಮುಂದೆ ಕಿವೀಲೇ ಇತ್ತು. ನಾಳೆ ಕೈಯೆತ್ತಬೇಡಿ ಅಂತ ನಿಮ್ಮ ಮಾವ ಮೈಕಲ್ಲಿ ಹೇಳಿದ್ದನ್ನ ಅವನು ಕೇಳಿದಾನೆ. ಅವನು ಹೋದಮೇಲೆ ಮನೆಯವರು ಯಾರೋ ಬಂದಿದಾರೆ. ನೀವಾ, ಅಲ್ವಾ, ಅಷ್ಟು ಹೇಳಿ ಸಾಕು."

ಕೆಳಗಿನ ಬೇಕರಿಯಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಅಭಿನವ್ ಎದ್ದು ಕಿಟಕಿ ಮುಚ್ಚಿದ. ಮರಳಿ ಬಂದು ಕೂರುವಾಗ ಅವನ ಮುಖ ಸಡಿಲಾಗಿತ್ತು. ಬಹಳ ಹೊತ್ತು ಹೊತ್ತುಕೊಂಡಿದ್ದ ಮೂಟೆ ಇಳಿಸಿದವನ ಮುಖ.

ಮಾವನೇ ಫೋನ್ ಮಾಡಿ ಕರೆದಿದ್ದರು ಎಂದ. ಊರಿಗೆಲ್ಲ ಹೇಳುವ ಮೊದಲು ನಿನಗೆ ಹೇಳಬೇಕು, ಅದು ಮರ್ಯಾದೆ ಎಂದಿದ್ದರು. ಅವನು ಹೋದ. ಕೇಳಿದ. ಮೊದಲು ನಗು ಬಂತು, ಆಮೇಲೆ ಬೇಡಿಕೊಂಡ. ರಸ್ತೆ ಗುಡಿಸುವ ಯಂತ್ರಗಳಿಗೆ ಮುಂಗಡ ಕೊಟ್ಟಾಗಿದೆ ಎಂದ. ರಂಜನಾಳ ಮುಖ ನೋಡಿ ಎಂದ. ಜನರ ಮುಂದೆ ಅವಳು ಹೇಗೆ ತಲೆಯೆತ್ತಬೇಕು ಎಂದ.

"ನಾನು ಮಾತಾಡ್ತಾನೇ ಇದ್ದೆ. ಅವರು ಈ ಕಿವಿಯಿಂದ ಒಂದು ತೆಗೆದ್ರು, ಆ ಕಿವಿಯಿಂದ ಒಂದು ತೆಗೆದ್ರು, ಡಬ್ಬಿಗೆ ಹಾಕಿದ್ರು. ಜೇಬು ತಟ್ಟಿ ನೋಡ್ಕೊಂಡ್ರು. ಆಮೇಲೆ ನನ್ನ ನೋಡಿ ಸುಮ್ನೆ ನಕ್ಕರು." ಅಭಿನವ್ ತನ್ನ ಅಂಗೈಗಳನ್ನು ನೋಡಿಕೊಂಡ. "ಆಗ ತೋಳು ಹಿಡ್ಕೊಂಡೆ."

"ನೂಕಿದ್ರಾ?"

"ಇಲ್ಲ. ಸ್ಟೇಜ್ ಮುಂದೆ ಇದ್ವಿ. ಮೆಟ್ಟಿಲ ಕಡೆ ಹೋಗೇ ಇಲ್ಲ. ಹಿಡ್ಕೊಂಡು ಅಲುಗಾಡಿಸ್ದೆ. ಕೇಳಿ ಮಾವ, ಕೇಳಿ ಅಂತ ಕೂಗ್ತಾ ಇದ್ದೆ. ಅವರಿಗೆ ಏನೂ ಕೇಳಿಸ್ತಿಲ್ಲ ಅಂತ ನಂಗೆ ಗೊತ್ತಿತ್ತು. ಅಸಹ್ಯ ಆಯ್ತು. ಬಿಟ್ಟು ಬಂದೆ."

ಬೆರಳಿನ ಗುರುತಿಗೆ ಲೆಕ್ಕ ಸಿಕ್ಕಿತು. ಬಿದ್ದದ್ದಕ್ಕೆ ಸಿಗಲಿಲ್ಲ.

ಅಲ್ಲಿಂದ ಯಾರಿಗಾದರೂ ಹೇಳಿದಿರಾ ಎಂದು ತೇಜಶ್ರೀ ಕೇಳಿದಳು. ಕಾರಿಗೆ ಬಂದು ಕೂತವನೇ ರಂಜನಾಗೆ ಫೋನ್ ಮಾಡಿದೆ ಎಂದ. ಎಲ್ಲ ಹೇಳಿದೆ. ಅವಳು ಒಂದು ಮಾತೂ ಆಡದೆ ಇಟ್ಟುಬಿಟ್ಟಳು. ಮನೆಯಲ್ಲಿ ಅಮ್ಮನ ಜೊತೆ ಇದ್ದುದರಿಂದ ಮಾತಾಡಲಿಲ್ಲವೇನೋ ಎಂದುಕೊಂಡೆ.

"ನೀವು ಹೊರಗೆ ಬಂದಾಗ ಅವರು ಜೀವಂತ ಇದ್ರು ಅನ್ನೋದಕ್ಕೆ ಯಾರಿದಾರೆ?"

ಅವನು ಮುಚ್ಚಿದ ಕಿಟಕಿಯ ಕಡೆ ನೋಡಿದ. ಅವಳು ಇನ್ನೊಮ್ಮೆ ಕೇಳಿದಳು. ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗನನ್ನು ಜೈಲಿಗೆ ಕಳಿಸುತ್ತಾರೆ ಎಂದಳು. ಅವನಲ್ಲ ಎಂದಾದರೆ ಸರದಿಯಲ್ಲಿ ಮುಂದಿರುವವರು ನೀವೇ ಎಂದಳು. ಅದು ಹೆದರಿಸುವ ಧ್ವನಿಯಾಗಿರಲಿಲ್ಲ. ಅವಳಿಗೆ ಈಚೆಗೆ ಯಾವ ಧ್ವನಿಯೂ ಇರಲಿಲ್ಲ.

"ಕೇಳ್ಬೇಡಿ ಮೇಡಂ," ಎಂದ ಅಭಿನವ್.

ಅವಳು ಪ್ಲಾಸ್ಟಿಕ್ ಕವರನ್ನು ತನ್ನ ಕಡೆ ಎಳೆದುಕೊಂಡಳು.

"ಫೋನ್ ಇಟ್ಟಮೇಲೂ ಕೋಪ ಇಳೀಲಿಲ್ಲ. ಡ್ರೈವ್ ಮಾಡೋಕಾಗ್ದೆ ಕಾರಲ್ಲೇ ಬಹಳ ಹೊತ್ತು ಕೂತಿದ್ದೆ. ಹೊರಡೋಣ ಅಂತ ಸ್ಟಾರ್ಟ್ ಮಾಡ್ದಾಗ ತಿರುವಲ್ಲಿ ಕಂಡ್ರು. ಭವನದ ಕಡೆಗೇ ನಡ್ಕೊಂಡು ಹೋಗ್ತಿದ್ರು, ಕೈಯಲ್ಲಿ ಟಿಫನ್ ಡಬ್ಬಿ ಹಿಡ್ಕೊಂಡು. ನನ್ನ ನೋಡ್ಲಿಲ್ಲ."

"ಯಾರು?"

"ಅತ್ತೆ."

*

ಹೊರಗೆ ಬಂದು ಜೀಪಿನ ಬಾಗಿಲಿಗೆ ಒರಗಿ ನಿಂತಾಗ ತೇಜಶ್ರೀಗೆ ಹೊಳೆದದ್ದು ಶಾಂತಕುಮಾರಿಯ ಸುಳ್ಳಲ್ಲ. ಶನಿವಾರ ಸಂಜೆ ನಾವಿಬ್ಬರೂ ಮನೆಯಲ್ಲಿದ್ದೆವು ಎಂಬ ಮಾತಿಗೆ ತಾಯಿಗೆ ಮಗಳು ಸಾಕ್ಷಿ, ಮಗಳಿಗೆ ತಾಯಿ ಸಾಕ್ಷಿ. ತಾಯಿ ಮನೆಯಲ್ಲಿ ಇರಲಿಲ್ಲ ಎಂದಾದರೆ ಮಗಳು ಇದ್ದಳೆಂದು ಹೇಳುವವರು ಯಾರೂ ಇಲ್ಲ.

ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು. ಹುಡುಗನನ್ನು ಕರೆದೊಯ್ಯುವ ವ್ಯಾನ್ ಹೊರಟಾಯಿತು ಎಂದರು ಅವರು. ಹಿಂದಿನಿಂದ ಯಾರೋ ಹೆಂಗಸು ಅಳುವ ಸದ್ದು ಕೇಳಿಸಿತು. ಏನಾದರೂ ಸಿಕ್ಕಿದ್ದರೆ ಬರವಣಿಗೆಯಲ್ಲಿ ತನ್ನಿ, ನಾಳೆ ನೋಡೋಣ ಎಂದರು.

ಹೊನ್ನಪ್ಪನಪಾಳ್ಯದ ಪಕ್ಕದಲ್ಲೇ ಇದ್ದ ಸಿ.ವಿ. ರಾಮನ್ ನಗರದ ಆ ಕಾಲೋನಿಗೆ ಮರಳಿ ಬಂದಾಗ ಗುರುರಾಜರ ಮನೆಯ ಬಾಗಿಲು ಹಾರುಹೊಡೆದಿತ್ತು. ಶಾಂತಕುಮಾರಿ ಗಂಜಿ ಹಾಕಿದ ಬಿಳಿ ಸೀರೆಯುಟ್ಟು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸೋಫಾ ಖಾಲಿಯಾಗಿತ್ತು. ಅಂಗಿಗಳು ಎಲ್ಲೋ ಒಳಗೆ ಸೇರಿದ್ದವು.

ಸಭೆಗೆ ಕರೆದುಕೊಂಡು ಹೋಗಲು ರಂಜನಾ ಬರುತ್ತಾಳೆ ಎಂದರು. ವೇದಿಕೆಯ ಮೇಲೆ ತನ್ನ ಪಕ್ಕ ಕೂರಬೇಕು ಎಂದಿದ್ದಾಳೆ.

ತೇಜಶ್ರೀ ಅವರ ಎದುರಿಗೆ ನೆಲದ ಮೇಲೆಯೇ ಕೂತಳು.

"ಶನಿವಾರ ಸಂಜೆ ನೀವು ಭವನಕ್ಕೆ ಹೋಗಿದ್ರಿ."

"ಹೌದು. ಹೋಗಿದ್ದೆ."

"ಮನೇಲೇ ಇದ್ದೆ ಅಂದ್ರಲ್ಲಮ್ಮ."

"ನಾನು ಹೇಳ್ಲಿಲ್ಲ. ರಂಜನಾ ಹೇಳಿದ್ಳು."

ಅದು ನಿಜ. ಎರಡು ಸಲವೂ ಮಗಳೇ ಹೇಳಿದ್ದಳು. ಈ ಹೆಂಗಸು ತಲೆಯಾಡಿಸಿದ್ದರು, ಅಷ್ಟೇ. ಆ ಮುಖದಲ್ಲಿ ತನ್ನ ಮುಖ ಕಂಡದ್ದಕ್ಕೆ ತೇಜಶ್ರೀ ಮುಂದೆ ಕೇಳಿರಲಿಲ್ಲ.

ಈಗ ಕೇಳಿದ್ದಕ್ಕೆ ಶಾಂತಕುಮಾರಿ ಎಲ್ಲವನ್ನೂ ಹೇಳಿದರು. ಮಧ್ಯಾಹ್ನ ಗಂಡ ಊಟಕ್ಕೆ ಬಂದಿರಲಿಲ್ಲ ಎಂದು ಅವಲಕ್ಕಿ ಕಲಸಿಕೊಂಡು ಹೋದರಂತೆ. ಮುಂದಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ಕುರ್ಚಿಗಳು ಸಾಲಾಗಿದ್ದವು. ಹಿಂಬಾಗಿಲಿನಿಂದ ಗಾಳಿ ಬರುತ್ತಿತ್ತು. ಅಲ್ಲಿ ನಿಂತು ಕೆಳಗೆ ನೋಡಿದರು. ಮಂಡಿ ನೋವಿನಿಂದಾಗಿ ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಇಳಿಯಬೇಕಾಯಿತು. ಇಳಿದು ಪಕ್ಕದಲ್ಲಿ ಕೂತರು. ತಲೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕೆನಿಸಿತು, ಎತ್ತಲು ಆಗಲಿಲ್ಲ.

"ಆಗ ಅವರು..." ತೇಜಶ್ರೀ ಶುರುಮಾಡಿದಳು.

"ಉಸಿರಿತ್ತು. ಕಣ್ಣು ಬಿಟ್ಕೊಂಡಿದ್ರು."

"ಯಾರನ್ನಾದ್ರೂ ಕರೆದ್ರಾ? ಆಂಬುಲೆನ್ಸು?"

"ಇಲ್ಲ."

ಶಾಂತಕುಮಾರಿ ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವವರ ಹಾಗೆ ಹುಬ್ಬು ಸ್ವಲ್ಪ ಗಂಟಿಕ್ಕಿದರು. ಎರಡು ದಿನಗಳಲ್ಲಿ ಆ ಮುಖದ ಮೇಲೆ ತೇಜಶ್ರೀ ಕಂಡ ಮೊದಲ ಗೆರೆ ಅದು.

"ಕರೀಬೇಕು ಅಂತ ಗೊತ್ತಿತ್ತಮ್ಮ. ಫೋನ್ ಚೀಲದಲ್ಲೇ ಇತ್ತು. ತೆಗೆದೂ ಇದ್ದೆ. ಅಷ್ಟರಲ್ಲಿ ಅವರು ಒಂದು ಹೆಸರು ಹೇಳಿದ್ರು. ಅದಾದ ಮೇಲೆ ಕೈ ಹೋಗ್ಲಿಲ್ಲ. ಉಸಿರು ನಿಲ್ಲೋವರೆಗೂ ಕೂತಿದ್ದೆ. ಆಮೇಲೆ ಎದ್ದು ಮನೆಗೆ ಬಂದೆ."

"ನೀವು ಮನೆ ಬಿಟ್ಟಾಗ ರಂಜನಾ ಎಲ್ಲಿದ್ರು?"

"ಇರ್ಲಿಲ್ಲ. ನಾಳೆಯ ಸಭೆಗೆ ಜನಾನ ಕರೀಬೇಕು ಅಂತ ಆಗ್ಲೇ ಹೋಗಿದ್ಳು. ಭವನದ ಆಸುಪಾಸಿನ ಅಪಾರ್ಟ್‌ಮೆಂಟಿಗೆ. ನಾನು ಬಂದಾಗ ಬಚ್ಚಲಲ್ಲಿ ನೀರಿನ ಸದ್ದು ಕೇಳಿಸ್ತು. ಅವಳೂ ಏನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಬೀದಿಯಲ್ಲಿ ಕಾರೊಂದು ಬಂದು ನಿಂತಿತು. ಬಾಗಿಲು ಹಾಕಿದ ಸದ್ದು. ಗೇಟು ಕಿರುಗುಟ್ಟಿತು.

"ಅವರು ಹೇಳಿದ ಹೆಸರು?"

ಶಾಂತಕುಮಾರಿ ಗೇಟಿನ ಕಡೆ ನೋಡಿದರು.

"ರಂಜನಾ ಅಂದ್ರು," ಎಂದರು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ಕೊನೇ ಸಲ ಮಗಳನ್ನ ಕರೆದ್ರೋ, ನೂಕಿದ್ದು ಇವಳೇ ಅಂತ ನಂಗೆ ಹೇಳಿದ್ರೋ. ಎರಡು ದಿನದಿಂದ ಅದನ್ನೇ ಕೇಳಿಸ್ಕೊಳ್ತಾ ಇದೀನಿ. ತಿಳೀತಾ ಇಲ್ಲ. ನೀವು ಪೊಲೀಸಿನವರಲ್ವಾ, ನಿಮಗೆ ತಿಳಿಯುತ್ತಾ?"

ವರಾಂಡದಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

"ಅಮ್ಮ, ರೆಡೀನಾ?" ರಂಜನಾಳ ಧ್ವನಿ ಒಳಗೆ ಬಂತು. "ಹಾಲ್ ತುಂಬಿ ಹೋಗಿದೆ. ಎಲ್ಲರೂ ನಮಗೇ ಕಾಯ್ತಿದಾರೆ."

ಶಾಂತಕುಮಾರಿ ಕೈಚೀಲ ಹಿಡಿದುಕೊಂಡು ಎದ್ದು ನಿಂತರು.